ಬ್ಯಾಟರಿ ಮುಗಿಯುವಷ್ಟು ಹುಲ್ಲು

ಹುಲ್ಲು ಬೆಳೆಯುವುದನ್ನು ಕಣ್ಣಾರೆ ಕಂಡವರು ಯಾರೂ ಇರಲಾರರು. ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಹಾಲು ಕಾಯುವಷ್ಟು ಹೊತ್ತು ನಾನು ಅದನ್ನೇ ನೋಡಿದ್ದುಂಟು. ಹಾಲು ಉಕ್ಕಿ ಒಲೆ ನಂದಿದೆಯೇ ಹೊರತು ಹುಲ್ಲು ನನ್ನೆದುರು ಒಂದು ಎಳ್ಳಿನಷ್ಟೂ ಮೇಲೆದ್ದಿಲ್ಲ. ಆದರೆ ಮರುದಿನ ಬಟ್ಟೆ ಒಣಗಿಸಲು ಹೋದರೆ, ಏನನ್ನೋ ಕೇಳಲು ಕಾದವರ ಹಾಗೆ ಸೀರೆಯ ನೆರಿಗೆ ಹಿಡಿದು ನಿಲ್ಲಿಸುತ್ತದೆ. ಇಷ್ಟು ಸಂಕೋಚದ ಜೀವವನ್ನು ಕತ್ತರಿಸಲು ಯಂತ್ರವೊಂದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬರಬಹುದೆಂದು ನಾನು ಎಣಿಸಿರಲಿಲ್ಲ.

ವೇಣೂರಿನ ಹತ್ತಿರ ನಮ್ಮ ಮನೆ. ಮನೆಗೂ ಬಸದಿಗೂ ನಡುವೆ ಇರುವುದು ನಮ್ಮದೇ ಬಯಲು. ಕೊಟ್ಟಿಗೆಯಲ್ಲಿ ದನವಿದ್ದಷ್ಟು ಕಾಲ ಹುಲ್ಲಿನ ಚಿಂತೆ ದನದ್ದಾಗಿತ್ತು. ಪ್ಯಾಕೆಟು ಹಾಲು ಬಂದ ಮೇಲೆ ಆ ಚಿಂತೆ ನಮಗೆ ಬಂತು. ಬಸದಿಯಲ್ಲಿ ಸ್ವಾಮಿಯ ದರ್ಶನವಾಗದೆ ಬಾಯಿಗೆ ಏನನ್ನೂ ಹಾಕದ ನಿಯಮ ನನ್ನ ಅತ್ತೆಯವರದು. ತಾವು ಮದುವೆಯಾಗಿ ಬಂದಂದಿನಿಂದ ಬೆಳಗಿನ ಮಬ್ಬಿನಲ್ಲಿ ಆ ಬಯಲು ದಾಟಿ, ಬರಿಗಾಲಲ್ಲಿ ಒಬ್ಬರೇ ಹೋಗಿಬರುವವರು. ಆ ವರ್ಷ ಮಳೆ ಬಿಟ್ಟ ಮೇಲೆ ಒಂದು ದಿನ ಅವರ ಪಾದದ ಪಕ್ಕದಲ್ಲೇ ಹಾವೊಂದು ಹುಲ್ಲಿನೊಳಗಿಂದ ಹುಲ್ಲಿನೊಳಕ್ಕೆ ಹರಿದು ಹೋಯಿತು. ಅದು ತನ್ನಷ್ಟಕ್ಕೆ ಹೋದದ್ದನ್ನು ನಾನು ದೇವರ ಕೃಪೆಯ ಲೆಕ್ಕಕ್ಕೆ ಬರೆದುಕೊಂಡೆ. ನಮ್ಮ ಯಜಮಾನರು ಬರೆದುಕೊಳ್ಳಲಿಲ್ಲ. "ಹುಲ್ಲು ಹೋಗುವ ತನಕ ನೀನು ಆ ದಾರಿಯಲ್ಲಿ ಕಾಲಿಡುವುದು ಬೇಡ ಅಮ್ಮ," ಎಂದುಬಿಟ್ಟರು.

ರಸ್ತೆ ಸುತ್ತಿ ನಡೆಯಲು ಅತ್ತೆಯವರ ಮೊಣಕಾಲು ಬಿಡದು. ಪೇಟೆಯಿಂದ ರಿಕ್ಷಾ ಬರಬೇಕು. ಅದು ಬರುವುದು ರಿಕ್ಷಾದವನಿಗೆ ಮನಸ್ಸಾದಾಗ. ಕೆಲವು ದಿನ ಮಧ್ಯಾಹ್ನವೇ ಆಗುತ್ತಿತ್ತು. ಅಲ್ಲಿಯವರೆಗೆ ಅವರು ಜಗಲಿಯ ಕಂಬಕ್ಕೆ ಒರಗಿ, ಬಸದಿಯ ಕಡೆ ಮುಖ ಮಾಡಿ, ಬರೀ ಹೊಟ್ಟೆಯಲ್ಲಿ ಕೂತಿರುವರು. ಅವರನ್ನು ಹಾಗೆ ಕೂರಿಸಿ ತಿಂಡಿ ನುಂಗುವುದು ನನ್ನಿಂದ ಆಗುತ್ತಿರಲಿಲ್ಲ. ದಿನದಿಂದ ದಿನಕ್ಕೆ ಅವರು ಸೊರಗುವುದು ಕಣ್ಣಿಗೆ ಕಾಣುತ್ತಿತ್ತು.

ಹಾಗಾದರೆ ಹುಲ್ಲು ಕತ್ತರಿಸಿದರಾಯಿತು ಎನ್ನುವಿರಿ. ನಾವೂ ಅದನ್ನೇ ಎಂದೆವು. ಆದರೆ ಅದೇ ವಾರ ನೆರೆಮನೆಯವರು ಪೆಟ್ರೋಲಿನ ಯಂತ್ರ ತರಿಸಿ ತಮ್ಮ ಹಿತ್ತಿಲನ್ನು ಬೋಳಿಸಿದ್ದರು. ಆ ಅಬ್ಬರ ಅಡಗಿದ ಮೇಲೆ ಬೇಲಿಯಾಚೆ ಇಣುಕಿದ ಅತ್ತೆಯವರಿಗೆ ಕಂಡದ್ದು ಕಾಲು ಕಡಿದುಹೋದ ಕಪ್ಪೆಗಳು. "ನನ್ನ ಕಾಲಿಗೋಸ್ಕರ ಅವುಗಳ ಕಾಲು ಹೋಗುವುದು ಬೇಡ. ಅಂಥ ನೆಲ ತುಳಿದುಕೊಂಡು ಹೋಗಿ ಸ್ವಾಮಿಯ ಎದುರು ಹೇಗೆ ನಿಲ್ಲುವುದು?" ಎಂದು ಕೇಳಿದರು.

ಹೀಗೆ ನಾನೂ ಯಜಮಾನರೂ ಮೆಲ್ಕಾರಿನ ಹಸನಬ್ಬರ ಅಂಗಡಿಯ ಮೆಟ್ಟಿಲು ಹತ್ತಿದೆವು. ಗಲ್ಫಿನಲ್ಲಿ ದೊಡ್ಡವರ ಬಂಗಲೆಗಳ ಹುಲ್ಲುಹಾಸನ್ನು ವರ್ಷಗಟ್ಟಲೆ ನೋಡಿಕೊಂಡವರು ಅವರು. ಊರಿಗೆ ಬಂದು ತೋಟದ ಸಾಮಾನಿನ ಅಂಗಡಿ ಇಟ್ಟಿದ್ದರು.

"ನಿಮಗೆ ಎಂಥ ಮೆಷಿನು ಬೇಕಕ್ಕ?"

"ಹುಲ್ಲು ಕತ್ತರಿಸಬೇಕು. ಆದರೆ ಏನೂ ಸಾಯಬಾರದು."

ಹಸನಬ್ಬರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು. "ಗ್ಯಾರಂಟಿ ಕೇಳಿದವರುಂಟು, ಡಿಸ್ಕೌಂಟು ಕೇಳಿದವರುಂಟು. ಇದನ್ನು ಕೇಳಿದ್ದು ನೀವೇ ಮೊದಲು."

"ಕೇಳುವುದು ನಮ್ಮ ಅಮ್ಮ. ನಾವು ಬರೀ ಬಾಯಿ," ಎಂದರು ಯಜಮಾನರು.

ಬ್ಯಾಟರಿಯ ಯಂತ್ರವೊಂದನ್ನು ಹಸನಬ್ಬರು ಹೊರಗೆಳೆದರು. ಹೊಗೆಯಿಲ್ಲ, ಗದ್ದಲವಿಲ್ಲ, ಹಿಡಿಯೊಂದನ್ನು ಸರಿಸಿದರೆ ಅಲಗು ಮೇಲೆ ಕೆಳಗೆ ಆಗುತ್ತದೆ. "ಆದರೆ ಇದು ಸ್ವಲ್ಪ ಸೋಮಾರಿ. ರಾತ್ರಿಯಿಡೀ ಕರೆಂಟು ಕುಡಿದರೆ ಬೆಳಿಗ್ಗೆ ಅರ್ಧ ಗಂಟೆ ದುಡಿಯುತ್ತದೆ. ಗಲ್ಫಿನಲ್ಲಿ ಹುಲ್ಲಿಗೆ ಮಗುವಿಗೆ ಕೊಟ್ಟ ಹಾಗೆ ನೀರು ಕೊಡುತ್ತಿದ್ದೆವಕ್ಕ. ಇಲ್ಲಿ ಬೇಡ ಅಂದರೂ ಬರುತ್ತದೆ."

ಬಾಡಿಗೆ ಜೀಪಿನ ಹಿಂಭಾಗದಲ್ಲಿ ಯಂತ್ರ, ಮುಂಭಾಗದಲ್ಲಿ ನಾನು. ಬಂಟ್ವಾಳ ದಾಟಿ ಸಾಗುವಾಗ ಹೊಳೆಯ ಗಾಳಿಗೆ ಕಣ್ಣು ಮುಚ್ಚಿತು. ಕ್ಯಾಲೆಂಡರಿನ ಚಿತ್ರದ ಹಾಗೆ ನಮ್ಮ ಬಯಲು ಪೂರ್ತಿ ಹಸಿರು ಮಖಮಲ್ಲಾಗಿತ್ತು, ಅದರ ಮೇಲೆ ನಾನು ಚಹಾದ ತಟ್ಟೆ ಹಿಡಿದು ತೇಲುತ್ತಿದ್ದೆ. ನಾನು ಜೀವಮಾನದಲ್ಲಿ ಹೊರಗೆ ಕೂತು ಚಹಾ ಕುಡಿದವಳಲ್ಲ. ಕನಸಿಗೆ ಅದೆಲ್ಲ ಗೊತ್ತಿರುವುದಿಲ್ಲ.

ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರಿಗೆ ಕತ್ತಿ ತಾಗಿಸುವ ಕ್ರಮ ನಮ್ಮಲ್ಲಿಲ್ಲ. ಅಷ್ಟಮಿ ಕಳೆದ ಮೇಲೆ ಕರೆಂಟು ಹೋಯಿತು. ಅದೂ ಬಂದ ಮೇಲೆ ಮೆರವಣಿಗೆ ಹೊರಟಿತು. ಮುಂದೆ ಅತ್ತೆಯವರು, ಕೋಲಿನ ತುದಿಗೆ ಹಳೆಯ ಹತ್ತಿ ಸೀರೆಯ ತುಂಡು ಕಟ್ಟಿ, ಒಳಗಿದ್ದವರೆಲ್ಲ ಎದ್ದು ಹೋಗಲೆಂದು ಹುಲ್ಲನ್ನು ಮೆಲ್ಲನೆ ಸವರುತ್ತ, ಣಮೋಕಾರ ಮಂತ್ರ ಹೇಳುತ್ತ. ಹಿಂದೆ ಯಜಮಾನರು ಯಂತ್ರ ನೂಕುತ್ತ. ಅವರ ಹಿಂದೆ ನಾನು ಸುಮ್ಮನೆ. ಯಾವ ಜೀವಕ್ಕೂ ತಾಗದಿರಲೆಂದು ಅತ್ತೆಯವರು ಅಲಗನ್ನು ಎಷ್ಟು ಮೇಲೆ ಏರುತ್ತದೋ ಅಷ್ಟು ಏರಿಸಿಟ್ಟಿದ್ದರು. ಯಂತ್ರ ದುಂಬಿಯಂತೆ ಗುನುಗಿತು. ಹುಲ್ಲು ಅದರಡಿಯಲ್ಲಿ ವಿನಯದಿಂದ ತಲೆಬಾಗಿತು, ಅದು ದಾಟಿದ ಮೇಲೆ ನಿಧಾನವಾಗಿ ತಲೆಯೆತ್ತಿತು. ಬ್ಯಾಟರಿ ಮುಗಿಯಿತು.

"ಒಂದು ಇರುವೆಯೂ ಸಾಯಲಿಲ್ಲ. ಒಳ್ಳೆಯ ಮೆಷಿನು," ಅತ್ತೆಯವರಿಗೆ ತೃಪ್ತಿಯಾಗಿತ್ತು.

"ಒಂದು ಎಸಳೂ ಸಾಯಲಿಲ್ಲ," ಯಜಮಾನರು ಬೆವರು ಒರೆಸಿಕೊಂಡರು.

ಅತ್ತೆಯವರು ಬಯಲನ್ನೊಮ್ಮೆ, ಮಗನನ್ನೊಮ್ಮೆ ನೋಡಿದರು. ಎಷ್ಟೋ ದಿನಗಳ ಮೇಲೆ ನಕ್ಕರು. ಆಮೇಲೆ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತೇ ಇದ್ದರು. ರಿಕ್ಷಾ ಆ ದಿನವೂ ಬಂದಿರಲಿಲ್ಲ.

"ಮಗಾ, ನಾನು ಬಯಲು ಪೂರ್ತಿ ನಡೆಯುತ್ತೇನಾ? ನನ್ನ ಕಾಲಿಗೆ ಎಷ್ಟು ಬೇಕೋ ಅಷ್ಟು ಮಾಡುವ. ಉಳಿದದ್ದು ಅವುಗಳಿಗೆ ಇರಲಿ."

"ಹಾವು ಬಂದರೆ?"

"ಬಂದರೆ ಕಾಣುತ್ತದಲ್ಲ ಮಾರಾಯ. ನನಗೆ ಹಾಳಾದದ್ದು ಮೊಣಕಾಲು, ಕಣ್ಣಲ್ಲ."

ಮರುದಿನ ಮೆಟ್ಟಿಲಿನಿಂದ ಬಸದಿಯ ಗೋಡೆಯವರೆಗೆ ಒಂದೇ ಪಟ್ಟಿ. ಮೊದಲು ತುದಿ ಮಾತ್ರ, ಆಮೇಲೆ ಸ್ವಲ್ಪ ಕೆಳಗೆ, ಆಮೇಲೆ ಇನ್ನಷ್ಟು. ಪ್ರತಿ ಸುತ್ತಿಗೂ ಮುಂದೆ ಸೀರೆಯ ತುಂಡು, ಪ್ರತಿ ಸುತ್ತಿನ ಕೊನೆಗೆ ಒಳಗಿದ್ದವರಿಗೆ ಮನೆ ಬದಲಾಯಿಸಲು ಬಿಡುವು. ಕೊನೆಯ ಸುತ್ತು ಗೋಡೆ ಮುಟ್ಟುವ ಹೊತ್ತಿಗೆ ಯಂತ್ರದ ಉಸಿರು ನಿಂತಿತು. ನನಗೆ ಒಳಗೊಳಗೇ ಸ್ವಲ್ಪ ಬೇಸರ. ಮಖಮಲ್ಲು ಅಲ್ಲಿಗೆ ಮುಗಿದಿತ್ತು. ಆದರೆ ಆ ಸೋಮಾರಿ ಬ್ಯಾಟರಿಯನ್ನು ಒಳಗೆ ತಂದು ಕರೆಂಟಿಗೆ ಸಿಕ್ಕಿಸುವಾಗ ಅನಿಸಿತು: ಇದಕ್ಕೆ ಇನ್ನೂ ತ್ರಾಣವಿದ್ದಿದ್ದರೆ ನಾವು ನಿಲ್ಲಿಸುತ್ತಿದ್ದೆವೇ? ಅಗತ್ಯ ಮುಗಿಯುವಲ್ಲೇ ಶಕ್ತಿಯೂ ಮುಗಿಯುವುದು ಎಲ್ಲರಿಗೂ ಸಿಗುವ ಭಾಗ್ಯವಲ್ಲ. ನನ್ನ ಪ್ರಾರ್ಥನೆಯಲ್ಲಿ ಇದನ್ನೂ ಸೇರಿಸಿಕೊಂಡಿದ್ದೇನೆ.

ಮಾರನೆಯ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಎರಡು ಕಡೆಯೂ ಎತ್ತರದ ಹುಲ್ಲು, ನಡುವೆ ಅತ್ತೆಯವರ ಬಿಳಿ ಸೀರೆ. ಪಾದ ಕಾಣದ್ದರಿಂದ ಅವರು ನಡೆಯುತ್ತಿದ್ದಾರೋ ತೇಲುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಯಜಮಾನರು ಮೆಟ್ಟಿಲ ಮೇಲೆ ನಿಂತೇ ಇದ್ದರು, ಹಿಂದೆ ಹೋಗಲಿಲ್ಲ. ಗಂಟೆಯ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅತ್ತೆಯವರು ಹಣೆಗೆ ಅಭಿಷೇಕದ ಗಂಧೋದಕ ಹಚ್ಚಿಕೊಂಡು ಬಂದು, ಅಡುಗೆಮನೆಯಲ್ಲಿ ಮಣೆ ಎಳೆದು ಕೂತರು.

"ಹಸಿವಾಗುತ್ತದೆ ಮಾರಾಯ್ತಿ. ದೋಸೆ ಉಂಟಾ?"

ಕಿಟಕಿಯಾಚೆ ಹುಲ್ಲು ಬೆಳೆಯುತ್ತಲೇ ಇದ್ದಿರಬೇಕು. ನಾನು ನೋಡಲಿಲ್ಲ. ಕಾವಲಿ ಕಾದಿತ್ತು.