ಗುತ್ಯಮ್ಮನ ರಜೆ

ಹದಿನೈದು ದಿನಕ್ಕೊಮ್ಮೆ ಮನೆ ಮನೆಗೆ ಹೋಗಿ ಯಾರಿಗಾದರೂ ಜ್ವರ ಬಂದಿತ್ತೇ ಎಂದು ಕೇಳುವುದು ಗುತ್ಯಮ್ಮನ ಸರ್ಕಾರಿ ಕೆಲಸ. ಬಂದಿದ್ದರೆ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆಯಬೇಕು, ಮಲೇರಿಯಾ ಮಾತ್ರೆ ನುಂಗಿಸಬೇಕು. ಜ್ವರ ಬಂದಿರಲಿ ಬಿಡಲಿ, ಕೇಳಿದ ಗುರುತಿಗೆ ಬಾಗಿಲ ಹಿಂದಿನ ಗೋಡೆಯ ಮೇಲೆ ತಾರೀಖು ಹಾಕಿ ಸಹಿ ಮಾಡಬೇಕು. ಹೊಸನಗರದ ಕಡೆಯ ನಾಲ್ಕು ಹಳ್ಳಿ ಅವಳ ಪಾಲಿಗೆ. ಆ ಸಹಿ ಸರಿಯೋ ಸುಳ್ಳೋ ಎಂದು ಹಿಂದಿನಿಂದ ಹೋಗಿ ನೋಡುವುದು ನನ್ನ ಕೆಲಸ. ನನ್ನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಇದೆ.

ಗುತ್ಯಮ್ಮ ಮಾತ್ರ ಬೈಯಲು ಅವಕಾಶ ಕೊಟ್ಟವಳಲ್ಲ. ಗಂಡ ಶೇಷಪ್ಪ ಮಾಸ್ತಿಕಟ್ಟೆಯಲ್ಲಿ ಅಣೆಕಟ್ಟಿನ ಕೆಲಸಕ್ಕೆ ಸೇರಿ ತಿಂಗಳಿಗೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅತ್ತೆ ಮಾಸ್ತಮ್ಮ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿ ಆರು ವರ್ಷವಾಗಿತ್ತು. ಬೆಳಿಗ್ಗೆ ಅತ್ತೆಯ ಮೈ ತೊಳೆದು, ಬಟ್ಟೆ ಬದಲಿಸಿ, ಗಂಜಿ ಕುಡಿಸಿ ಹೊರಟರೆ ಮಧ್ಯಾಹ್ನ ಎಲ್ಲಿದ್ದರೂ ಓಡಿ ಬಂದು ಮಗ್ಗುಲು ಬದಲಿಸಿ ಮತ್ತೆ ಹೋಗುತ್ತಿದ್ದಳು. ಅಳುತ್ತಿರಲಿಲ್ಲ, ನಗುತ್ತಿರಲಿಲ್ಲ. ಕೇಳಿದರೆ “ನಡೀತದೆ ಮೇಡಂ” ಎನ್ನುತ್ತಿದ್ದಳು. ನಾನೂ ಅದನ್ನೇ ನಂಬಿದ್ದೆ. ನಂಬುವುದು ನನಗೂ ಸುಲಭವಾಗಿತ್ತು.

1983ರ ಮಾರ್ಚಿನಲ್ಲಿ ತಪಾಸಣೆಗೆ ಹೋದಾಗ ಅವಳ ಸ್ವಂತ ಮನೆಯೂ ಪಟ್ಟಿಯಲ್ಲಿ ಬಂತು. ಗೋಡೆಯ ಮೇಲೆ ಸಹಿ ಇತ್ತು. ಸಹಿ ಇದ್ದರೂ ಕೇಳಬೇಕು, ಅದು ನಿಯಮ. ಮಂಚದ ಹತ್ತಿರ ನಿಂತು ಮಾಸ್ತಮ್ಮನನ್ನು ಕೇಳಿದೆ, “ಹದಿನೈದು ದಿನದಲ್ಲಿ ಈ ಮನೇಲಿ ಯಾರಿಗಾದ್ರೂ ಜ್ವರ ಬಂದಿತ್ತಾ?”

“ಇಲ್ಲ ಮೇಡಂ, ಬರ್ಕಳಿ,” ಎಂದಳು ಗುತ್ಯಮ್ಮ ಹಿಂದಿನಿಂದ.

ಮುದುಕಿ ತೊದಲುತ್ತಾ, “ನಂಗಲ್ಲ, ಅವ್ಳಿಗೆ. ಸಂಜಿಗೆ ಗಡಗಡ ನಡುಗ್ತಾಳೆ” ಎಂದಳು.

ಗುತ್ಯಮ್ಮನ ಕೊರಳು ಮುಟ್ಟಿ ನೋಡಿದೆ. ಸುಡುತ್ತಿತ್ತು. ಊರವರ ಜ್ವರ ವಿಚಾರಿಸುವವಳು ತನ್ನ ಮನೆಗೆ ಸುಳ್ಳು ಸಹಿ ಹಾಕಿಕೊಂಡಿದ್ದಳು. ನಾನು ಬೈದೆ, ಚೆನ್ನಾಗಿಯೇ ಬೈದೆ. ಬೆರಳು ಚುಚ್ಚಿದಾಗ ಅವಳು ಕೈ ಎಳೆದುಕೊಳ್ಳಲೂ ಇಲ್ಲ, ಬೇರೆ ಯಾರದೋ ಬೆರಳು ಎಂಬಂತೆ ನೋಡುತ್ತಿದ್ದಳು. ಹತ್ತು ದಿನ ರಜೆ ಬರೆಸಿಕೊಟ್ಟು, ದೊಡ್ಡ ಉಪಕಾರ ಮಾಡಿದೆನೆಂದುಕೊಂಡು ಬಸ್ಸು ಹತ್ತಿದೆ.

ರಕ್ತದಲ್ಲಿ ಮಲೇರಿಯಾ ಇತ್ತು. ಮಾತ್ರೆ ಕಳಿಸಿಕೊಟ್ಟೆ. ಆರನೆಯ ದಿನ ನೋಡಲು ಹೋದಾಗ ಜ್ವರ ಬಿಟ್ಟಿತ್ತು, ಮುಖ ಮಾತ್ರ ಇನ್ನಷ್ಟು ಇಳಿದಿತ್ತು.

“ರಜ ಇನ್ನೂ ನಾಕ್ ದಿನ ಅದ್ಯಾ ಮೇಡಂ?”

“ಮಲ್ಕೋ ಅಂತ ಕೊಟ್ಟಿದ್ದು.”

“ಎಲ್ಲಿ ಮಲಗಾದು? ಮನೇಲಿದ್ರೆ ಇಡೀ ದಿನ ಕರೀತಾರೆ. ಅತ್ತೆ ಮೇಲೆ ಬೇಜಾರಿಲ್ಲ, ಅವ್ರಾದ್ರೂ ಎಂತ ಮಾಡ್ತಾರೆ?” ಬಾಗಿಲ ಕಡೆ ನೋಡಿದಳು. “ಒಂದ್ ಊರಿಂದ ಇನ್ನೊಂದ್ ಊರಿಗೆ ಹೋಗ್ಬೇಕಾದ್ರೆ ದಾರೀಲಿ ಯಾರೂ ಇರಲ್ಲ. ಅಷ್ಟೊತ್ತು ನಂಗೆ ಬೇಕು ಮೇಡಂ. ಅದುಕ್ಕೇ ಜ್ವರ ಹೇಳ್ಲಿಲ್ಲ.”

ಅದನ್ನೂ ಅವಳು ಜ್ವರದ ಲೆಕ್ಕ ಒಪ್ಪಿಸುವ ದನಿಯಲ್ಲೇ ಹೇಳಿದಳು. ನನಗೆ ನಾಚಿಕೆಯಾಯಿತು. ಅವಳಿಗಿದ್ದ ಒಂದೇ ಬಿಡುವನ್ನು ನಾನೇ ಕೈಯಾರೆ ಕಸಿದುಕೊಂಡಿದ್ದೆ.

“ಅತ್ತೇನ ನಾನು ನೋಡ್ಕೊಳ್ತೀನಿ. ರಜೆ ಇವತ್ತಿಗೆ ಮುಗೀತು ಅಂತ ಬರ್ಕೊಳ್ತೀನಿ. ಹೋಗು,” ಎಂದೆ.

ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಆ ಮಧ್ಯಾಹ್ನ ಮಾಸ್ತಮ್ಮನ ಮಗ್ಗುಲು ಬದಲಿಸಿದ್ದು ನಾನು, ಬಟ್ಟೆ ಒಗೆದದ್ದು ನಾನು. ನಾಲ್ಕೇ ಗಂಟೆಯಲ್ಲಿ ನನ್ನ ಸೊಂಟ ಹಿಡಿದುಹೋಯಿತು.

ಮರುವಾರ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ನನ್ನನ್ನು ನಿಲ್ಲಿಸಿ ದೂರು ಹೇಳಿದರು. ನಿಮ್ಮ ಗುತ್ಯಮ್ಮ ಆ ದಿನ ಒಂದು ಮನೆಗೂ ಹೋಗಲಿಲ್ಲ, ಡ್ಯೂಟಿ ಹೊತ್ತಿನಲ್ಲಿ ಕೆರೆ ಏರಿಯ ಮೇಲೆ ಕಾಲು ಚಾಚಿಕೊಂಡು ಸುಮ್ಮನೆ ಕೂತಿದ್ದಳು ಎಂದರು. ನನ್ನ ಸರ್ವೀಸಿನಲ್ಲಿ ನಾನು ವಿಚಾರಿಸದೆ ಬಿಟ್ಟ ದೂರು ಅದೊಂದೇ.