ಹೊಸ ಯಂತ್ರದ ಬೋಣಿ

ಶಾಂತಕುಮಾರಿಯ ಮೇಲೆ ನನಗೆ ಮೊದಲು ಹುಟ್ಟಿದ್ದು ಗೌರವವಲ್ಲ, ಸಿಟ್ಟು. ಊಟ ಮುಗಿಸಿ ಒಂದು ಕೈ ಇಸ್ಪೀಟು ಆಡೋಣವೆಂದು ಕಂಪ್ಯೂಟರ್ ಮುಂದೆ ಕೂತರೆ ಆಟ ತೆರೆಯಲೇ ಇಲ್ಲ. ಇದಕ್ಕೆ ನಿರ್ಬಂಧವಿದೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ನಿರ್ಬಂಧ ಹಾಕಿದವಳು ಪಕ್ಕದ ಕೋಣೆಯಲ್ಲಿ ಮೊಸರನ್ನ ತಿನ್ನುತ್ತಿದ್ದಳು.

"ಏನಮ್ಮ ಶಾಂತಾ, ನನ್ನ ಆಟ ಎಲ್ಲೋಯ್ತು?"

"ನಾನೇ ತೆಗೆದಿವ್ನಿ ಕುಮಾರಣ್ಣ. ಗೊಬ್ಬರದಂಗಡೀಲಿ ರೈತರು ಕಾಯ್ಕೊಂಡು ನಿಂತಿರ್ತಾರೆ, ನೀವು ಎಕ್ಕ ಹುಡುಕ್ತಾ ಕೂತಿರ್ತೀರ."

ಹೇಳಿದ್ದು ನಿಜ. ಅದಕ್ಕೇ ಇನ್ನಷ್ಟು ಉರಿಯಿತು.

ತಿಪಟೂರಿನ ನಮ್ಮ ತೆಂಗು ಬೆಳೆಗಾರರ ಸಂಘದಲ್ಲಿ ನಾನು, ಬಸವಕುಮಾರ, ಗೊಬ್ಬರದಂಗಡಿಯ ಗುಮಾಸ್ತ. ಶಾಂತಕುಮಾರಿ ಕಿಬ್ಬನಹಳ್ಳಿಯವಳು, ಅಪ್ಪ ದುರ್ಗಯ್ಯ ತೋಟ ತೋಟ ತಿರುಗಿ ಕಾಯಿ ಸುಲಿಯುತ್ತಿದ್ದರು. ಸಂಘಕ್ಕೆ ಅವಳು ಬಂದದ್ದು ತೂಕದ ಮನೆಯಲ್ಲಿ ಚೀಟಿ ಬರೆಯಲಿಕ್ಕೆ. ಕೊಬ್ಬರಿಯ ದೂಳಿಗೆ ಕೆಮ್ಮುತ್ತಾ ದಿನವಿಡೀ ಬರೆದು, ಸಂಜೆ ಎಲ್ಲರೂ ಹತ್ತುವ ಬಸ್ಸು ಬಿಟ್ಟು ಕಂಪ್ಯೂಟರ್ ತರಗತಿಗೆ ಹೋಗಿ, ಕೊನೇ ಬಸ್ಸಿಗೆ ಊರು ಸೇರುತ್ತಿದ್ದಳು. ಸಂಘಕ್ಕೆ ಕಂಪ್ಯೂಟರ್ ಬಂದಾಗ ಅದನ್ನು ಮುಟ್ಟಲು ಎಲ್ಲರೂ ಹೆದರಿದರು. ಇವಳು ಕುರ್ಚಿ ಎಳೆದುಕೊಂಡು ಕೂತವಳು ಆಮೇಲೆ ಏಳಲಿಲ್ಲ.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಕಚೇರಿ, ಗೋದಾಮು, ತೂಕದ ಮನೆ, ಅಂಗಡಿ ಎಲ್ಲ ಕಡೆ ಯಂತ್ರಗಳಿದ್ದವು. ಕೆಲವುಗಳಲ್ಲಿ ಹಳೇ ವಿಂಡೋಸ್ 2000, ಕೆಲವುಗಳಲ್ಲಿ ಎಕ್ಸ್‌ಪಿ, ಎಕ್ಸ್‌ಪಿಯಲ್ಲೂ ಹಳತು ಹೊಸತು. ಯಾವುದರಲ್ಲಿ ಏನು ಮಾಡಬಹುದು, ಏನು ಕೂಡದು ಎಂಬ ನಿಯಮಗಳನ್ನು ಅವಳು ತನ್ನ ಕೋಣೆಯಲ್ಲಿದ್ದ, ಎಲ್ಲ ಯಂತ್ರಗಳಿಗೂ ತಂತಿ ಎಳೆದಿದ್ದ ಹಳೇ ಸರ್ವರಿನಿಂದಲೇ ಹಾಕುತ್ತಿದ್ದಳು. ಅದಕ್ಕೆ ಪಾಲಿಸಿ ಎನ್ನುತ್ತಿದ್ದಳು. ಹಾಕಬಹುದಾದ ನಿಯಮಗಳ ಪಟ್ಟಿಯನ್ನು ಪರದೆಯ ಮೇಲೆ ತೋರಿಸಲಿಕ್ಕೆ ಸರ್ವರಿನಲ್ಲಿ ಟೆಂಪ್ಲೇಟ್ ಎಂಬ ಕೆಲವು ಫೈಲುಗಳಿದ್ದವು. ಅವಳ ಪುಣ್ಯದಿಂದ ನಮ್ಮಲ್ಲಿ ಯಂತ್ರ ಕೆಡುವುದು ನಿಂತೇಹೋಗಿತ್ತು. ನನ್ನ ಇಸ್ಪೀಟು ಕೂಡ.

ಆ ವರ್ಷ ಆಯುಧ ಪೂಜೆಗೆ ಸರಿಯಾಗಿ ಒಂದು ಹೊಸ ಯಂತ್ರ ಬಂತು, ಒಳಗೆ ಎಲ್ಲಕ್ಕಿಂತ ಹೊಸ ಎಕ್ಸ್‌ಪಿ. ನಮ್ಮ ಕಾರ್ಯದರ್ಶಿ ತೋಂಟದಾರ್ಯನವರು ತುರುವೇಕೆರೆ ಕಡೆಯ ದೊಡ್ಡ ಕೊಬ್ಬರಿ ಮನೆತನದವರು. ಬೋಣಿಯಾಗದೆ ಅವರ ಅಂಗಡಿಯಲ್ಲಿ ಒಂದು ಚೂರು ಕೊಬ್ಬರಿಯನ್ನೂ ಸಾಲ ಕೊಡುತ್ತಿರಲಿಲ್ಲ. ಯಂತ್ರಕ್ಕೆ ವಿಭೂತಿ ಬಳಿದು, ಹೂವಿಟ್ಟು, ಕಾಯಿ ಒಡೆದು ಅವರು ಶಾಂತಕುಮಾರಿಯನ್ನು ಕರೆದರು.

"ಬಾರವ್ವ, ಬೋಣಿ ಮಾಡು. ಮೊದಲ ಕೆಲಸ ದೊಡ್ಡದಾಗಿರ್ಬೇಕು, ಚಿಲ್ರೆ ಕೆಲಸ ಬ್ಯಾಡ."

ದೊಡ್ಡ ಕೆಲಸ ಎಂದರೆ ಅವಳಿಗೆ ಒಂದೇ. ಹೊಸ ಯಂತ್ರದ ಮುಂದೆ ಕೂತು ಅದರಲ್ಲೇ ಇಡೀ ಸಂಘದ ಪಾಲಿಸಿ ತೆರೆದಳು. ಏನನ್ನೂ ಬದಲಿಸಲಿಲ್ಲ. ಕೈಮುಗಿದು ಮುಚ್ಚಿದಳು. ನಾವು ಮಂಡಕ್ಕಿ ತಿಂದು ಮನೆಗೆ ಹೋದೆವು.

ಹಬ್ಬ ಮುಗಿಸಿ ಬಂದರೆ ತೂಕದ ಮನೆಯಲ್ಲಿ ಚೀಟಿ ಅಚ್ಚು ಹಾಕುವ ಹಳೇ ಪ್ರಿಂಟರ್ ಸವೆದು ನಿಂತಿತ್ತು; ಹೊಸದು ಕೂರಿಸಬೇಕಿತ್ತು, ಅದಕ್ಕಾಗಿ ಒಂದು ನಿಯಮ ಸಡಿಲಿಸಬೇಕಿತ್ತು. ಎಂದಿನಂತೆ ಸರ್ವರಿನಲ್ಲಿ ಪಾಲಿಸಿ ತೆರೆದಳು. ಟೆಂಪ್ಲೇಟಿನ ಸಾಲು ತೀರಾ ಉದ್ದವಾಯಿತು, ಕತ್ತರಿಸಿದ್ದೇವೆ ಎಂದಿತು ಸರ್ವರ್. ಸರಿ ಎಂದು ಒತ್ತಿದರೆ ಅದರ ಹಿಂದೆ ಅಂಥದ್ದೇ ಇನ್ನೊಂದು, ಮತ್ತೊಂದು. ಇದ್ದ ನಿಯಮಗಳೇನೋ ನಡೆಯುತ್ತಿದ್ದವು, ಆದರೆ ಪಟ್ಟಿಯನ್ನು ನೆಟ್ಟಗೆ ಓದುವಂತಿರಲಿಲ್ಲ.

"ಒತ್ಕೊಂಡು ಮುಂದಕ್ಕೋಗವ್ವ," ಎಂದರು ತೋಂಟದಾರ್ಯ.

"ಅರ್ಧಂಬರ್ಧ ಓದ್ಕೊಂಡು ಎಲ್ಲಾರ ಮಿಷನ್‌ಗೂ ಕೈ ಹಾಕಲ್ಲ ಸಾರ್."

ಕೊಬ್ಬರಿ ಹರಾಜಿನ ದಿನ ತೂಕದ ಚೀಟಿಯನ್ನು ಕೈಯಲ್ಲೇ ಬರೆಯಬೇಕಾಯಿತು. ಗಾಡಿಗಳು ರಸ್ತೆವರೆಗೂ ನಿಂತವು, ಬೈಗುಳ ಅಧ್ಯಕ್ಷರ ಕಿವಿಗೂ ಬಿತ್ತು. ಅಧ್ಯಕ್ಷ ದೊಡ್ಡರಂಗಯ್ಯನವರು ಸೋಮವಾರಕ್ಕೆ ಸಭೆ ಕರೆದರು. ಕಂಪ್ಯೂಟರುಗಳನ್ನು ತುಮಕೂರಿನ ಯಾರಿಗಾದರೂ ವಹಿಸಿ ಶಾಂತಕುಮಾರಿಯನ್ನು ಮತ್ತೆ ತೂಕದ ಮನೆಗೆ ಕಳಿಸುತ್ತಾರಂತೆ ಎಂದು ಸಭೆಗೆ ಮೊದಲೇ ಮಾತು ಹಬ್ಬಿತು.

ಸುದ್ದಿ ಕೇಳಿ ಅವಳು ಅಳಲಿಲ್ಲ. ಆ ದೂಳಿಗೆ, ಆ ಕೆಮ್ಮಿಗೆ ಈ ಹುಡುಗಿಯನ್ನು ಮತ್ತೆ ತಳ್ಳುವುದೇ?

"ಭಾನುವಾರ ಬೀಗದ ಕೈ ಕೊಡ್ತೀರಾ ಕುಮಾರಣ್ಣ? ನಂಗೆ ಗೊತ್ತಾಗ್ಲೇಬೇಕು," ಎಂದಳು.

ಕೊಟ್ಟೆ, ಜೊತೆಗೆ ನಾನೂ ಹೋದೆ. ಸರ್ವರಿನ ಟೆಂಪ್ಲೇಟ್ ಫೈಲುಗಳನ್ನು ಅವಳು ತಾನು ಹಿಂದೆ ಸಿ.ಡಿ.ಯಲ್ಲಿ ತೆಗೆದಿಟ್ಟಿದ್ದ ನಕಲುಗಳ ಜೊತೆ ಹೋಲಿಸಿದಳು. ಈಗಿನವು ದಪ್ಪವಾಗಿದ್ದವು, ಒಳಗೆ ಸಾಲುಗಳು ಹೆಚ್ಚಿದ್ದವು. ಹಳೆಯವನ್ನು ಮತ್ತೆ ಹಾಕಿದಳು, ಪಾಲಿಸಿ ತೆಪ್ಪಗೆ ತೆರೆಯಿತು. ನಾನು ಹಿಗ್ಗಿ ಕಾಫಿ ತರಲು ಎದ್ದೆ.

"ಕೂತ್ಕಳಿ. ಸರಿ ಹೋದ್ರೆ ಸಾಲ್ದು, ಕೆಟ್ಟಿದ್ದು ಹೆಂಗೆ ಅಂತ ತಿಳೀಬೇಕು."

ಒಂದೊಂದೇ ಯಂತ್ರಕ್ಕೆ ಹೋಗಿ ಪಾಲಿಸಿ ತೆರೆದು ಮುಚ್ಚುವುದು, ಬಂದು ಸರ್ವರ್ ನೋಡುವುದು. ಗೋದಾಮು, ಅಂಗಡಿ, ಕಚೇರಿ ಎಲ್ಲ ಆಯಿತು. ಕೊನೆಗೆ ವಿಭೂತಿ ಇನ್ನೂ ಅಳಿಸದ ಆ ಹೊಸ ಯಂತ್ರ. ತೆರೆದಳು, ಮುಚ್ಚಿದಳು, ಬಂದು ನೋಡಿದಳು. ಫೈಲುಗಳು ಮತ್ತೆ ದಪ್ಪವಾಗಿದ್ದವು, ಕತ್ತರಿಸಿದ್ದೇವೆ ಎಂಬ ಸಾಲು ಮತ್ತೆ ಬಂತು. ತೆರೆದರೆ ಸಾಕು, ಹೊಸ ಯಂತ್ರ ತನ್ನ ಹೊಸ ಟೆಂಪ್ಲೇಟುಗಳನ್ನು ಕೇಳದೆಯೇ ಸರ್ವರಿಗೆ ಸಾಗಿಸುತ್ತಿತ್ತು. ಹಳೇ ಸರ್ವರಿಗೆ ಅವು ಅರಗುತ್ತಿರಲಿಲ್ಲ.

"ಬೋಣಿ," ಎಂದಳು ಶಾಂತಕುಮಾರಿ.

ಸೋಮವಾರದ ಸಭೆಯಲ್ಲಿ ದೊಡ್ಡರಂಗಯ್ಯ ಸುತ್ತಿಬಳಸದೆ ಕೇಳಿದರು: "ಇದನ್ನ ಕೆಡಿಸ್ದೋರು ಯಾರು?"

ಬೆಳಗ್ಗೆಯೇ ವಿಷಯ ತಿಳಿದಿದ್ದ ತೋಂಟದಾರ್ಯ ಮೇಜಿನತ್ತ ನೋಡಿದರು. ಅವರ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ನಾನೇ ಸಾರ್," ಎಂದಳು ಶಾಂತಕುಮಾರಿ. "ನೀವೆಲ್ಲ ಬೆಳೆಗಾರರು. ಅಟ್ಟದಲ್ಲಿ ಕೊಬ್ಬರಿಯಾಗ್ತಿರೋ ಹಳೇ ಕಾಯಿ ರಾಶಿ ಮೇಲೆ ಹೊಸ ಹಸಿ ಕಾಯಿ ತಂದು ಸುರೀತೀರಾ? ಹೊಸ ಕಾಯಿ ಕೆಟ್ಟದ್ದೇನಲ್ಲ, ಹಾಕೋ ಜಾಗ ತಪ್ಪು. ನಾನು ಹಂಗೆ ಮಾಡ್ದೆ."

"ಹಂಗಾರೆ ನಿನ್ನೇ ಯಾಕವ್ವ ಇಟ್ಕೋಬೇಕು?" ಎಂದರು ದೊಡ್ಡರಂಗಯ್ಯ.

ಶಾಂತಕುಮಾರಿ ಎದ್ದು ನಿಂತಳು.

"ಎಲ್ಲಿ ಎಡವಿದೆ ಅಂತ ನಂಗೊತ್ತು. ತುಮಕೂರಿಂದ ಬರೋರು ಅದೇ ಜಾಗದಲ್ಲಿ ಎಡವಿ ಕಲೀಬೇಕು. ಹೊಸ ಮಿಷನ್ನು ಹೊಸದನ್ನೂ ಓದುತ್ತೆ, ಹಳೇದನ್ನೂ ಓದುತ್ತೆ. ಅದಕ್ಕೆ ಇನ್ಮೇಲೆ ಪಾಲಿಸಿ ಅದೊಂದ್ರಲ್ಲೇ ತೆಗೆಯೋದು, ಸರ್ವರಿನಲ್ಲೂ ತೆಗೆಯಂಗಿಲ್ಲ. ಅದಕ್ಕಿಂತ ಹೊಸದು ಬಂದ್ರೆ ನಾನು ನೋಡೋವರ್ಗೂ ಯಾರೂ ಮುಟ್ಟಂಗಿಲ್ಲ. ತೂಕದ ಮನೆ ಪ್ರಿಂಟರ್ ಬೆಳಗ್ಗೆಯಿಂದ ಓಡ್ತಾ ಐತೆ, ಹೋಗಿ ನೋಡಿ. ಆಮೇಲೆ ನನ್ನ ಎಲ್ಲಿಗೆ ಬೇಕಾದ್ರೂ ಕಳ್ಸಿ."

ದೊಡ್ಡರಂಗಯ್ಯ ನಿಜವಾಗಿಯೂ ಎದ್ದು ಹೋಗಿ ನೋಡಿದರು. ಅಚ್ಚಾದ ಚೀಟಿಯೊಂದನ್ನು ಹಿಡಿದು ಬಂದು, "ಕುರ್ಚಿ ಬದಲಾಯ್ಸೋದೇನೂ ಬ್ಯಾಡ, ಬುಡ್ರಪ್ಪ," ಎಂದು ಸಭೆ ಮುಗಿಸಿದರು. ತೋಂಟದಾರ್ಯ ಹೊರಗೆ ಬಂದು ಅವಳ ಎದುರು ನಿಂತರು. ಶಲ್ಯದಿಂದ ಕಣ್ಣೊರೆಸಿಕೊಂಡರು.

ಮರುವರ್ಷದ ಆಯುಧ ಪೂಜೆಗೆ ಮತ್ತೊಂದು ಹೊಸ ಯಂತ್ರ ಬಂತು. ವಿಭೂತಿ, ಹೂವು, ಕಾಯಿ ಎಲ್ಲ ಆಯಿತು. ತೋಂಟದಾರ್ಯನವರು ಅವಳ ಮುಖವನ್ನೇ ನೋಡುತ್ತಾ ಅಳುಕುತ್ತಲೇ ಕೇಳಿದರು, "ಬೋಣಿ... ಹೆಂಗವ್ವ?"

ಶಾಂತಕುಮಾರಿ ಕುರ್ಚಿಯನ್ನು ನನ್ನ ಕಡೆ ತಳ್ಳಿದಳು.

"ಇದಿನ್ನೂ ನಮ್ಮ ನಿಯಮದೊಳಕ್ಕೆ ಬಂದಿಲ್ಲ. ಬನ್ನಿ ಕುಮಾರಣ್ಣ, ಬೋಣಿ ನಿಮ್ದೇ. ಒಂದೇ ಆಟ, ಆಮೇಲೆ ತೆಗೆದಾಕ್ತೀನಿ."

ಪರದೆಯ ಮೇಲೆ ಇಸ್ಪೀಟೆಲೆಗಳು ಹರಡಿಕೊಂಡವು.