ನಾನು ಹಾಕದ ಚೈನು

ಮರ ಕೊಯ್ಯುವ ಮಿಷನ್ನಿಗೆ ಚೈನು ಹಾಕುವುದು ನನಗೆ ಗೊತ್ತು. ಹೊಸಕೋಟೆ ತಾಲ್ಲೂಕಿನಲ್ಲಿ ಈ ಕೆಲಸ ಬಲ್ಲ ಹೆಂಗಸರು ಇನ್ನೂ ಎಷ್ಟು ಜನ ಇದ್ದಾರೋ ಕಾಣೆ, ನಾನಂತೂ ಒಬ್ಬರನ್ನೂ ನೋಡಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಜಂಬ ಪಡುವ ಕಾಲ ಯಾವತ್ತೋ ಮುಗಿಯಿತು. ಒಂದು ದಿನ, ಒಂದು ಚೈನನ್ನು ನಾನು ಹಾಕಲಿಲ್ಲ. ಹಾಕಿದ್ದು ನನ್ನ ಗಂಡ. ಅದನ್ನು ಅವರು ನಾಲ್ಕು ಜನರ ಮುಂದೆ ಒಂದು ಸಲ ಹೇಳಲಿ ಅಂತ ಒಂಬತ್ತು ವರ್ಷ ಕಾದೆ.

ನಮ್ಮ ಯಜಮಾನರು ಗುತ್ತಿಗೆಯ ಮೇಲೆ ಮರ ಕೊಯ್ಯುತ್ತಿದ್ದರು. ನಮ್ಮ ಕಡೆ ನೀಲಗಿರಿ ತೋಪುಗಳಿಗೆ ಬರವಿಲ್ಲ. ಎಲ್ಲಾದರೂ ಲೇಔಟು ಬರುತ್ತದೆ ಅಂದರೆ ಮೊದಲು ಹೋಗುವುದು ತೋಪು, ಹಾಗಾಗಿ ಕೆಲಸಕ್ಕೂ ಬರವಿರಲಿಲ್ಲ. ನಾಲ್ಕು ಜನರ ಗುಂಪು, ಇವರೇ ಮೇಸ್ತ್ರಿ, ಮಿಷನ್ನೂ ಇವರದೇ. ನಲವತ್ತು ದಾಟಿದ ಮೇಲೆ ಇವರಿಗೆ ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಮರ ಯಾವ ಕಡೆ ವಾಲಿದೆ ಅಂತ ಹೊಲದಾಚೆಯಿಂದ ಹೇಳುತ್ತಿದ್ದ ಮನುಷ್ಯನಿಗೆ, ಕೈಯಲ್ಲಿ ಹಿಡಿದ ಚೈನಿನ ಹಲ್ಲು ಯಾವ ಕಡೆ ನೋಡುತ್ತಿದೆ ಅಂತ ತಿಳಿಯುತ್ತಿರಲಿಲ್ಲ.

ಕನ್ನಡಕ ಹಾಕಿಕೊಳ್ಳಿ ಅಂದರೆ, "ಕನ್ನಡಕ ಹಾಕ್ಕೊಂಡು ಮರ ಕೊಯ್ಯೋನ್ನ ಯಾರು ಕರೀತಾರೇ?" ಅನ್ನುವರು. ಒಂದು ದಿನ ಚೈನನ್ನು ತಿರುಗಾಮುರುಗಾ ಹಾಕಿಕೊಂಡು ತೋಪಿಗೆ ಹೋಗಿ, ಮರ ಕೊಯ್ಯುವ ಬದಲು ಹೊಗೆ ಎಬ್ಬಿಸಿ ಬಂದರು. ಆವತ್ತು ಸಂಜೆ ನಾನು ಮಿಷನ್ ಕಿತ್ತುಕೊಂಡೆ. "ಕೊಡ್ರೀ ಇಲ್ಲಿ. ನೀವು ಬಾಯಲ್ಲಿ ಹೇಳಿ, ನಾನು ಕೈಯಲ್ಲಿ ಮಾಡ್ತೀನಿ" ಅಂದೆ. ನನಗೆ ಮೊದಲಿನಿಂದಲೂ ಬಾಯಿ ಜೋರು. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು.

ಕಲಿಸುವಾಗ ಮಾತ್ರ ಬಹಳ ಕಟ್ಟುನಿಟ್ಟು. ಇಂಜಿನ್ ಆರಿಸಿದರೆ ಸಾಲದು, ಸ್ಪಾರ್ಕ್ ಪ್ಲಗ್ಗಿನ ಟೋಪಿಯನ್ನೂ ಎಳೆದುಬಿಡಬೇಕು, ಬಿಸಿ ಆರುವ ತನಕ ಮುಟ್ಟಬಾರದು. ಚೈನು ನಿಂತಿದ್ದರೂ ಅದರ ಹಲ್ಲು ಹಲ್ಲೇ, ಚರ್ಮದ ಕೈಗವಸು ಇಲ್ಲದೆ ಹಿಡಿಯಬಾರದು. ಬ್ರೇಕಿನ ಹಿಡಿಯನ್ನು ಹಿಂದಕ್ಕೆ ಎಳೆದು ಬಿಡಿಸಿ, ಎರಡು ನಟ್ಟು ಬಿಚ್ಚಿ, ಪಕ್ಕದ ಮುಚ್ಚಳ ತೆಗೆಯಬೇಕು. ಚೈನು ಓಡುವ ಉದ್ದನೆಯ ಪಟ್ಟಿಗೆ ಇವರು ಬಾರ್ ಅನ್ನುತ್ತಿದ್ದರು. ಅದರ ಅಂಚಿನ ಉದ್ದಕ್ಕೂ ಇರುವ ಸಣ್ಣ ಕಾಲುವೆಯಲ್ಲಿ ಎಣ್ಣೆ ಮೆತ್ತಿದ ಮರದ ಪುಡಿ ತುಂಬಿಕೊಂಡಿರುತ್ತದೆ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ತೆಗೆಯುತ್ತಿದ್ದೆ. ಆಮೇಲೆ ಚೈನು. ಬಾರಿನ ಮೇಲಂಚಿನಲ್ಲಿ ಹಲ್ಲುಗಳು ಅದರ ತುದಿಯ, ಅಂದರೆ ಮೂತಿಯ ಕಡೆ ನೋಡಬೇಕು. ಮೊದಲು ಇಂಜಿನ್ನಿನ ಪಕ್ಕದ ಹಲ್ಲುಚಕ್ರಕ್ಕೆ ಸುತ್ತಿ, ಆಮೇಲೆ ಆ ಕಾಲುವೆಯಲ್ಲಿ ಕೂರಿಸುತ್ತಾ ಮೂತಿಯ ತನಕ ಬರಬೇಕು. ದಿನಾ ಕಾಕಡ ಹೂವು ಕಟ್ಟುವ ಬೆರಳು ನನ್ನದು, ಹಲ್ಲುಗಳು ಸಾಲಾಗಿ ಕೂತವೋ ಇಲ್ಲವೋ ಅಂತ ಕಣ್ಣಿಗಿಂತ ಮೊದಲು ಬೆರಳಿಗೇ ತಿಳಿಯುತ್ತಿತ್ತು.

ಕೊನೆಯ ಕೆಲಸವೇ ಮುಖ್ಯವಾದದ್ದು. ಮುಚ್ಚಳ ಹಾಕಿ ನಟ್ಟುಗಳನ್ನು ಬೆರಳಲ್ಲಿ ತಿರುಗಿಸಿ ಬಿಟ್ಟು, ಬಾರಿನ ಮೂತಿಯನ್ನು ಮೇಲಕ್ಕೆ ಎತ್ತಿ ಹಿಡಿದುಕೊಂಡೇ ಚೈನನ್ನು ಬಿಗಿ ಮಾಡಬೇಕು, ಎತ್ತಿ ಹಿಡಿದುಕೊಂಡೇ ನಟ್ಟನ್ನೂ ಬಿಗಿಯಬೇಕು. ಮೂತಿ ಎತ್ತದೆ ಬಿಗಿದರೆ ಮೊದಲು ಗಟ್ಟಿಯಾಗಿರುವ ಹಾಗೆಯೇ ಕಾಣುತ್ತದೆ. ಮರಕ್ಕೆ ಕೊಟ್ಟ ಕೂಡಲೇ ಬಾರ್ ಮೇಲಕ್ಕೆ ಸರಿದು ಚೈನು ಕೆಳಗೆ ಜೋತುಬೀಳುತ್ತದೆ. ಸರಿಯಾಗಿ ಹಾಕಿದ ಚೈನು ಕೈಯಲ್ಲಿ ಎಳೆದರೆ ಸಲೀಸಾಗಿ ಸುತ್ತಬೇಕು, ಮಧ್ಯೆ ಹಿಡಿದು ಎತ್ತಿ ಬಿಟ್ಟರೆ ಟಪ್ ಅಂತ ವಾಪಸ್ ಕೂರಬೇಕು. "ಹೊಸಾ ಚೈನು ಅಂದ್ರೆ ಹಿಗ್ಗುತ್ತೆ ಕಣೇ. ಎರಡು ಮರ ಕೊಯ್ದು, ನಿಲ್ಲಿಸಿ, ಆರಿಸಿ, ಮತ್ತೆ ಬಿಗಿ ಮಾಡ್ಬೇಕು. ಇಲ್ಲಾಂದ್ರೆ ಕಿತ್ಕೊಂಡು ಕೈಗೇ ಬರುತ್ತೆ" ಅಂತ ಅವರೇ ನನಗೆ ನೂರು ಸಲ ಹೇಳಿದ್ದರು.

ಬೆಳಿಗ್ಗೆ ಆರು ಗಂಟೆಗೆ ಹಿತ್ತಲಲ್ಲಿ, ಒಂದು ಲೋಟ ಟೀಯನ್ನು ಇಬ್ಬರೂ ಹಂಚಿಕೊಂಡು ಕುಡಿಯುತ್ತಾ, ನಾನು ಚೈನು ಹಾಕುತ್ತಿದ್ದೆ. ನಮ್ಮ ಸಂಸಾರದಲ್ಲಿ ಅಷ್ಟು ಸುಖವಾಗಿದ್ದ ಗಳಿಗೆ ಬೇರೆ ಇಲ್ಲ. ಒಂದೇ ಷರತ್ತು, ಯಾರಿಗೂ ಗೊತ್ತಾಗಬಾರದು. ಜೊತೆಗಾರರ ಬೈಕಿನ ಸದ್ದು ಕೇಳಿದರೆ ನಾನು ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದೆ, ಅವರು ಸ್ಪ್ಯಾನರ್ ಹಿಡಿದು ಆಗ ತಾನೇ ಮುಗಿಸಿದವರಂತೆ ನಿಲ್ಲುತ್ತಿದ್ದರು. ನನಗೆ ನಗು ಬರುತ್ತಿತ್ತು. ಈ ಕಳ್ಳಾಟ ಮುಂದೆ ನನ್ನ ಕುತ್ತಿಗೆಗೇ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಆಯುಧಪೂಜೆಗೆ ಮಿಷನ್ನಿಗೆ ಹೊಸ ಚೈನು ಹಾಕುವುದು ನಮ್ಮ ಮನೆಯ ಪದ್ಧತಿ. ಆ ವರ್ಷ ಹಬ್ಬದ ಹಿಂದಿನ ದಿನ ನಾನು ಹೊರಗಾದೆ. ಮುಟ್ಟಾದವಳು ಮೂರು ದಿನ ಪೂಜೆಯ ಸಾಮಾನು ಮುಟ್ಟುವಂತಿಲ್ಲ, ಪೂಜೆ ನಡೆಯುವ ಕಡೆ ಸುಳಿಯುವಂತಿಲ್ಲ. ಆ ವಿಷಯದಲ್ಲಿ ನಮ್ಮತ್ತೆ ಸ್ವಲ್ಪವೂ ಬಿಟ್ಟುಕೊಡುವವರಲ್ಲ. ನಾನು ಹಿತ್ತಲ ಬಾಗಿಲ ಹೊರಗೆ ಚಾಪೆ ಹಾಕಿಕೊಂಡು ಕೂತಿದ್ದೆ, ಅಲ್ಲಿಂದ ಅಂಗಳ ಕಾಣುತ್ತಿತ್ತು. ಯಜಮಾನರು ಅಂಗಳದಲ್ಲಿ ಮಿಷನ್ ತೊಳೆದು ಹೊಸ ಚೈನನ್ನು ತಾವೇ ಹಾಕಿದರು. ಹಲ್ಲಿನ ದಿಕ್ಕು ಸರಿಯಾಗಿತ್ತು, ಅದನ್ನು ಬೆರಳಲ್ಲಿ ಸವರಿ ಸವರಿ ನೋಡಿದರು. ಆದರೆ ಮಿಷನ್ನನ್ನು ಮಣೆಯ ಮೇಲಿಟ್ಟು, ಮೂತಿ ಎತ್ತದೆ, ಅದೂ ಕಣ್ಣಿಗೆ ಸರಿಯಾಗಿ ಕಾಣದೆ ಅರೆಬರೆ ಬಿಗಿದರು. ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ನಿಂಬೆಹಣ್ಣು ಇಟ್ಟಾಯಿತು. ಹತ್ತು ಮಾರು ದೂರದಿಂದ ನನಗೆ ಹಾರದ ಕೆಳಗೆ ಚೈನು ಬೆರಳಗಲ ಜೋತಿದ್ದದ್ದು ಕಾಣಿಸಿತು.

"ರೀ, ಚೈನು ಸಡಿಲ ಐತೆ" ಅಂತ ಕೂಗಿದೆ.

"ಪೂಜೆಗೆ ಇಟ್ಟಾದ್ಮೇಲೆ ನಾಳೆ ಕದಲಿಸೋ ಗಂಟ ಯಾರೂ ಮುಟ್ಟಂಗಿಲ್ಲ. ನೀನು ಸುಮ್ಕೆ ಆ ಕಡೆ ಕೂತ್ಕೊಳವ್ವ" ಅಂದರು ಅತ್ತೆ.

ಮಾರನೆಯ ದಿನ ಬೆಳಿಗ್ಗೆ ಮಿಷನ್ ಎತ್ತಿಕೊಂಡು ಹೊರಡುವಾಗಲೂ ಹೇಳಿದೆ. "ಆಯ್ತು ಬಿಡೇ, ತೋಪಲ್ಲೇ ಬಿಗಿ ಮಾಡ್ಕೋತೀನಿ" ಅಂದರು. ಸ್ಪ್ಯಾನರ್ ಮಾತ್ರ ಪೂಜೆಯ ಮಣೆಯ ಮೇಲೆ ಕುಂಕುಮ ಹಚ್ಚಿಕೊಂಡು ಹಾಗೇ ಇತ್ತು. ಅವರು ಅದನ್ನು ಮರೆತು ಹೋದದ್ದು ನನ್ನ ಕಣ್ಣಿಗೆ ಬಿದ್ದದ್ದು ಬೈಕು ಊರು ದಾಟಿದ ಮೇಲೆ. ನನ್ನದು ತಪ್ಪೇ ಇಲ್ಲ ಅಂತ ನಾನು ಎಲ್ಲೂ ಹೇಳಿಕೊಂಡಿಲ್ಲ. ಎದ್ದು ಹೋಗಿ, ಅತ್ತೆ ಏನಾದರೂ ಅನ್ನಲಿ ಅಂತ, ಆ ಎರಡು ನಟ್ಟು ಬಿಚ್ಚಿ ಬಿಗಿಯಬೇಕಿತ್ತು. ಅಷ್ಟು ಬಾಯಿ ಇದ್ದ ನನಗೆ ಆವತ್ತು ಕಾಲು ಬರಲಿಲ್ಲ. ಇದು ನನ್ನ ತಪ್ಪು, ಇದನ್ನು ಯಾರು ಕೇಳಿದರೂ ಒಪ್ಪುತ್ತೇನೆ.

ಸಮೇತನಹಳ್ಳಿ ಆಚೆಯ ತೋಪಿನಲ್ಲಿ ಮೂರನೇ ಮರಕ್ಕೆ ಚೈನು ಕಿತ್ತುಕೊಂಡಿತು. ಹಾಗೆ ಕಿತ್ತ ಚೈನನ್ನು ತಡೆಯಲು ಮಿಷನ್ನಿನ ಕೆಳಗೆ ಒಂದು ಸಣ್ಣ ಕೊಕ್ಕೆ ಇರುತ್ತದೆ, ನಮ್ಮದರಲ್ಲಿ ಅದು ಬೇಸಿಗೆಯಲ್ಲೇ ಮುರಿದಿತ್ತು. ಕೈಗವಸನ್ನೂ ಹಾಕಿರಲಿಲ್ಲ. ಬಲಗೈಯ ಮೂರು ಬೆರಳು ಹೋದವು, ಉಳಿದ ಎರಡು ಮಡಚಲು ಬರದ ಹಾಗಾದವು.

ಹೊಸಕೋಟೆಯ ಆಸ್ಪತ್ರೆಯಲ್ಲಿ ಮಂಚದ ಸುತ್ತ ಜೊತೆಗಾರರು ಮೂವರೂ ನಿಂತಿದ್ದರು, ಅತ್ತೆ ಕಾಲ ಹತ್ತಿರ ಕೂತಿದ್ದರು. ನಾನು ಬಾಗಿಲ ಬಳಿ ಇದ್ದೆ. ಅವರಲ್ಲಿ ದೊಡ್ಡವನು ಕೇಳಿದ, "ಅದೆಂಗಣ್ಣಾ ಕಿತ್ಕೊಳ್ತು? ಇಷ್ಟು ವರ್ಷದಲ್ಲಿ ನಿನ್ ಚೈನು ಒಂದಿನ ಸಡಿಲ ಆಗಿದ್ದಿಲ್ವಲ್ಲ. ಸರಿಯಾಗಿ ಹಾಕಿದ್ದಾ?"

ಯಜಮಾನರು ಸೂರನ್ನೇ ನೋಡುತ್ತಿದ್ದರು. ಆಮೇಲೆ, "ನಾನಲ್ಲ ಕಣೋ. ಇವ್ಳು ಹಾಕಿದ್ದು" ಅಂದರು.

ಮೂವರೂ ತಿರುಗಿ ನನ್ನ ಕಡೆ ನೋಡಿದರು. ನಾನು ಅತ್ತೆಯನ್ನು ನೋಡಿದೆ. ಅವರು ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದರು. ಬ್ಯಾಂಡೇಜಿನಲ್ಲಿ ಸುತ್ತಿದ ಕೈ ಎದೆಯ ಮೇಲಿಟ್ಟುಕೊಂಡು ಮಲಗಿದವರ ಹತ್ತಿರ ಏನು ಅಂತ ಜಗಳ ಆಡಲಿ? ನೋವಿನಲ್ಲಿ ಅಂದಿದ್ದಾರೆ, ಮನೆಗೆ ಬಂದ ಮೇಲೆ ಅವರೇ ಸರಿ ಮಾಡುತ್ತಾರೆ ಅಂದುಕೊಂಡು ಸುಮ್ಮನಾದೆ. ಅದೇ ನನಗೆ ಮುಳುವಾಯಿತು.

ನಾವು ಊರಿಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಹೆಂಗಸು ಮಿಷನ್ ಮುಟ್ಟಿದಳಂತೆ, ಅದೂ ಹೊರಗಾದಾಗ ಮುಟ್ಟಿದಳಂತೆ, ಪೂಜೆಗಿಟ್ಟ ಆಯುಧ ಸುಮ್ಮನೆ ಬಿಡುತ್ತದೆಯೇ ಅಂತ ನಲ್ಲಿಯ ಹತ್ತಿರ ಮಾತು. ಮುಟ್ಟದೆ ಕೂತದ್ದರಿಂದ ಆದ ಅನಾಹುತಕ್ಕೆ, ಮುಟ್ಟಿದೆ ಅಂತ ನನಗೆ ಶಿಕ್ಷೆ. ಅತ್ತೆಯನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದೆ, "ಅತ್ತೆ, ನಂಗೆ ಮಿಷನ್ ಮುಟ್ಬೇಡ ಅಂದೋರು ನೀವೇ ಅಲ್ವಾ? ನೀವಾದ್ರೂ ಹೇಳ್ರಿ." ಅವರ ಕಣ್ಣಲ್ಲಿ ನೀರು ಬಂತು. "ಮೇಸ್ತ್ರಿಗೆ ಚೈನು ಹಾಕಕ್ಕೆ ಬರ್ಲಿಲ್ಲ ಅಂದ್ರೆ ಇನ್ನು ಅವನಿಗೆ ಮಾನ ಎಲ್ಲುಳೀತದವ್ವ? ನಿಂಗಾದ್ರೆ ನಾಲ್ಕು ದಿನ ಅಂದ್ಕೊಂಡು ಮರೀತಾರೆ" ಅಂದರು. ಅವರು ಕೆಟ್ಟವರೇನಲ್ಲ, ಮಗನ ತಾಯಿ. ಮೂರನೇ ವರ್ಷ ತೀರಿಕೊಂಡರು. ಗಂಡನನ್ನು ಬಿಟ್ಟರೆ, ನಾನು ಮುಟ್ಟಲಿಲ್ಲ ಅಂತ ಕಣ್ಣಾರೆ ಕಂಡಿದ್ದ ಒಂದೇ ಜೀವ ಅದು.

ಗಂಡನನ್ನೂ ಕೇಳಿದೆ. ಊಟ ಮಾಡಿಸುವಾಗ, ಅಂಗಿಯ ಗುಂಡಿ ಹಾಕುವಾಗ ಕೇಳಿದೆ. "ಒಂದು ಸಲ ಹೇಳ್ಬಿಡ್ರೀ, ಅವರ ಮುಂದೆ. ನಾನೇ ಹಾಕಿದ್ದು ಅಂತ ಹೇಳಿ." ಮೊದಮೊದಲು, "ಹೇಳ್ತೀನಿ, ಕೈ ಗುಣ ಆಗ್ಲಿ ತಡಿ" ಅನ್ನುತ್ತಿದ್ದರು. ಕೈ ಗುಣವಾಯಿತು, ಆದಷ್ಟು. ಆಮೇಲೆ, "ಈಗ್ಯಾಕೆ ಅದೆಲ್ಲ?" ಅನ್ನತೊಡಗಿದರು. ನಾಲ್ಕೈದು ವರ್ಷದ ಮೇಲೆ ಒಂದು ದಿನ ನಾನು ಅದನ್ನೇ ತೆಗೆದಾಗ ಹುಬ್ಬು ಗಂಟಿಕ್ಕಿ, "ದಿನಾ ನೀನೇ ತಾನೇ ಹಾಕ್ತಿದ್ದಿದ್ದು?" ಅಂದರು. ತಟ್ಟೆ ಎತ್ತಿ ಹಾಕಿ ಹಿತ್ತಲಿಗೆ ಹೋಗಿ ಅಳುತ್ತಾ ಕೂತೆ. ಅವತ್ತಿಗೆ ಕೇಳುವುದನ್ನು ಬಿಟ್ಟೆ, ಕಾಯುವುದನ್ನು ಬಿಡಲಿಲ್ಲ.

ಮಿಷನ್ನನ್ನು ಜೊತೆಗಾರರಲ್ಲಿ ಆ ದೊಡ್ಡವನೇ ತೆಗೆದುಕೊಂಡಿದ್ದ. ಒಮ್ಮೆ ಇವರನ್ನು ಮಾತಾಡಿಸಲು ಬಂದವನು ಅದನ್ನು ಜಗುಲಿಯ ಮೇಲೆ ಇಟ್ಟ. ನೋಡಿದರೆ ಚೈನು ಜೋತುಬಿದ್ದಿದೆ. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಅವನು ಹೌಹಾರಿ ಮಿಷನ್ನನ್ನು ಎದೆಗೆ ಎಳೆದುಕೊಂಡ. "ಬೇಡಕ್ಕ. ತಪ್ಪು ತಿಳ್ಕೋಬೇಡಿ. ನಂಗೂ ಹೆಂಡ್ತಿ ಮಕ್ಕಳವ್ರೆ" ಅಂದ. ನನ್ನ ಗಂಡ ಎದುರಿಗೇ ಕೂತಿದ್ದರು. ಆ ಮಾತು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿರಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ. ನಾನು ದೂರ ನಿಂತೇ, "ಮೂತಿ ಎತ್ತಿ ಹಿಡ್ಕೊಂಡು ಬಿಗಿ ಮಾಡಪ್ಪ, ಆವಾಗ ನಿಲ್ಲುತ್ತೆ" ಅಂದೆ. ಅವನು ನನ್ನ ಮಾತು ಕೇಳಿಸಿಕೊಂಡು, ತಿರುಗಿ ಇವರನ್ನು "ಹೌದೇನಣ್ಣ?" ಅಂತ ಕೇಳಿದ. "ಹೌದು ಕಣೋ" ಅಂದರು. ಅವನ ಕೈ ಉಳಿಯಲಿ ಅಂತ ನಾನು ನುಂಗಿಕೊಂಡೆ.

ಹೋದ ವರ್ಷ ಇವರಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಿಡ್ನಿ ಕೈಕೊಟ್ಟಿತು. ಅಂಗಳದ ಹೊಂಗೆ ಮರದ ಕೆಳಗೆ ಮಂಚ ಹಾಕಿ ಮಲಗಿಸುತ್ತಿದ್ದೆ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಆ ಹಳೇ ಜೊತೆಗಾರ ನೋಡಲು ಬಂದು ಪಕ್ಕದಲ್ಲಿ ಕೂತ. ಇವರು ಚಮಚ ತಳ್ಳಿ, ಎಡಗೈಯಿಂದ ನನ್ನ ಮೊಣಕೈ ಹಿಡಿದುಕೊಂಡರು. ಏನೋ ಹೇಳಬೇಕು ಅನ್ನುವ ಹಾಗಿತ್ತು ಮುಖ. ಬಂತು, ಕೊನೆಗೂ ಬಂತು, ಅದೂ ಇವನ ಮುಂದೆಯೇ ಬಂತು ಅಂತ ಗಂಜಿಯ ಬಟ್ಟಲನ್ನು ನೆಲದ ಮೇಲೆ ಇಟ್ಟೆ.

"ನಿನ್ ಮೇಲೆ ನಂಗೆ ಕೋಪ ಇಲ್ಲ ಕಣೇ" ಅಂದರು. "ಬೇಕು ಬೇಕಂತ ಯಾರು ಮಾಡ್ತಾರೆ? ನಾನು ಆವತ್ತೇ ಕ್ಷಮಿಸ್ಬಿಟ್ಟಿದೀನಿ. ನೀನು ಅದನ್ನ ಮನಸಲ್ಲಿ ಇಟ್ಕೊಂಡು ಕೊರಗ್ಬೇಡ."

ನಾನು ಅವರ ಮುಖವನ್ನು ಹುಡುಕಿದೆ. ನಾಚಿಕೆಯೋ ಅಳುಕೋ ಒಂದು ಗೆರೆಯಾದರೂ ಸಿಕ್ಕುತ್ತದೇನೋ ಅಂತ ನೋಡಿದೆ. ಏನೂ ಇರಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ, ನಂಬಿಬಿಟ್ಟಿದ್ದರು. ಮನಸಾರೆ ಕ್ಷಮಿಸುತ್ತಿದ್ದರು. ಪಕ್ಕದಲ್ಲಿದ್ದವನು ಕಣ್ಣೊರೆಸಿಕೊಂಡು, "ಎಂಥಾ ದೊಡ್ಡ ಮನಸಣ್ಣಾ ನಿಂದು" ಅಂದ. ಇಬ್ಬರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಊದಿಕೊಂಡ ಕಾಲು, ಒಣಗಿದ ತುಟಿ, ಇನ್ನು ಎಷ್ಟು ದಿನವೋ ಅನ್ನುವ ಹಾಗಿದ್ದ ಆ ಮುಖ ನೋಡಿಕೊಂಡು ನಾನು ಏನು ಹೇಳಲಿ?

"ಸರಿ ಬಿಡ್ರೀ" ಅಂದೆ.

ಎಂಟು ದಿನಕ್ಕೆ ಹೋದರು. ಅವರು ಎಂದಾದರೂ ಒಪ್ಪಿಕೊಳ್ಳುತ್ತಾರೆ ಅಂತ ಅಷ್ಟು ವರ್ಷ ಕಾದಿದ್ದೆ. ಕೊನೆಗೆ ಒಪ್ಪಿಕೊಂಡವಳು ನಾನು.